ಹೆಸರಿನ ಎರಡು ತುಂಡು

ನಡೆಯುವಾಗ ಕೊಳವೆ ಮೇಷ್ಟ್ರ ಎಡಭುಜ ಗೋಡೆಯನ್ನು ಬಿಟ್ಟದ್ದನ್ನು ನಾನು ನೋಡಿದ್ದೇ ಕಡಿಮೆ. ಆಸ್ಪತ್ರೆಯ ಕಾರಿಡಾರು ಎಷ್ಟೇ ಅಗಲವಿದ್ದರೂ, ಎದುರಿಗೊಂದು ಸ್ಟ್ರೆಚರ್ ಬಂದೇ ಬರುತ್ತದೆ ಎಂಬಂತೆ ಅವರು ಅಂಚು ಹಿಡಿದೇ ಸಾಗುತ್ತಿದ್ದರು. ಕಂದು ಕೋಟಿನ ಎಡತೋಳು ಸುಣ್ಣ ಮೆತ್ತಿ ಬಿಳಿಚಿಕೊಂಡಿತ್ತು. "ಈ ಕೋಟು ಒಗೆಯೋದಕ್ಕಿಂತ ಆ ಗೋಡೆ ಒಗೆಯೋದು ಸುಲಭ" ಎಂದು ಅವರ ಹೆಂಡತಿ ಒಮ್ಮೆ ನನ್ನೆದುರೇ ಗೊಣಗಿದ್ದರು.

ಮೇಷ್ಟ್ರು ಎನ್ನುತ್ತಿದ್ದೆವೇ ಹೊರತು ಅವರು ಪಾಠ ಹೇಳಿದ್ದು ನನ್ನೊಬ್ಬನಿಗೇ, ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ. ಕಂಪ್ಯೂಟರಿಗೆ ಕೊಟ್ಟ ಒಂದು ಆಜ್ಞೆ ಹೊರಹಾಕಿದ್ದನ್ನು ಮುಂದಿನ ಆಜ್ಞೆಯ ಬಾಯಿಗೆ ಹರಿಸುವ, ಪೈಪ್ ಎಂದು ಕರೆಯುವ ಪುಟ್ಟ ನಿಲುಗೆರೆಯ ಮೇಲೆ ಅವರಿಗೆ ಎಲ್ಲಿಲ್ಲದ ವ್ಯಾಮೋಹ. ಹಾಗಾಗಿಯೇ ಆ ಅಡ್ಡಹೆಸರು. ಪ್ರಯೋಗಾಲಯದ ತುರ್ತು ವರದಿಗಳನ್ನು ಎತ್ತಿಕೊಳ್ಳುವುದು, ಅವುಗಳಲ್ಲಿ ಒಂದು ವಾರ್ಡಿನವನ್ನಷ್ಟೇ ಸೋಸುವುದು, ಹೊತ್ತಿನ ಪ್ರಕಾರ ಜೋಡಿಸುವುದು, ಆ ವಾರ್ಡಿನ ಪ್ರಿಂಟರಿಗೆ ಕಳಿಸುವುದು: ನಾಲ್ಕು ಆಜ್ಞೆ, ನಡುವೆ ಮೂರು ಗೆರೆ. ಇದನ್ನು ಅವರು ವಾರ್ಡಿಗೊಂದರಂತೆ ಬರೆದಿಡುತ್ತಿರಲಿಲ್ಲ. ಪಟ್ಟಿಯಿಂದ ವಾರ್ಡಿನ ಹೆಸರನ್ನು ಎತ್ತಿ, ಸಾಲನ್ನು ಆ ಕ್ಷಣದಲ್ಲೇ ಅಕ್ಷರ ಅಕ್ಷರ ಕಟ್ಟಿ, ಕಟ್ಟಿದ್ದನ್ನು ಕೂಡಲೇ ಓಡಿಸುವ ಒಂದೇ ಒಂದು ಸ್ಕ್ರಿಪ್ಟು, ಅಂದರೆ ಪುಟ್ಟ ಪ್ರೋಗ್ರಾಮು, ಬರೆದಿಟ್ಟಿದ್ದರು. ಹನ್ನೊಂದು ವರ್ಷ ಅದು ಕೆಮ್ಮಲೂ ಇಲ್ಲ, ಸೀನಲೂ ಇಲ್ಲ.

ಹನ್ನೆರಡನೆಯ ವರ್ಷ ಆಡಳಿತದವರು ಹೆರಿಗೆ ವಾರ್ಡಿಗೆ 'ತಾಯಿ ಮಕ್ಕಳು' ಎಂದು ಹೊಸ ಹೆಸರಿಟ್ಟರು.

"ಪಟ್ಟಿಯಲ್ಲಿ ಹೆಸರು ಬದಲಾಯಿಸಿದ್ರೆ ಸಾಕಾ ಮೇಷ್ಟ್ರೇ?" ಎಂದು ಕೇಳಿದೆ.

"ಸಾಕು ಮಾರಾಯ. ಉಳಿದಿದ್ದನ್ನ ಅದೇ ಕಟ್ಕೊಳ್ಳುತ್ತೆ."

ಬದಲಾಯಿಸಿದ ಬೆರಳು ನನ್ನದು. ಹಳೆಯ ಹೆಸರು ಒಂದೇ ಪದ. ಹೊಸದರ ನಡುವೆ ಒಂದು ಖಾಲಿ ಜಾಗವಿತ್ತು. ಇಡೀ ಹೆಸರು ಒಂದೇ ಎಂದು ಹೇಳುವ ಉದ್ಧರಣ ಚಿಹ್ನೆಗಳು ಸ್ಕ್ರಿಪ್ಟು ಕಟ್ಟುವ ಸಾಲಿನಲ್ಲಿ ಇಲ್ಲದ್ದರಿಂದ, ಸೋಸುವ ಆಜ್ಞೆ ಅದನ್ನು ಎರಡು ತುಂಡಾಗಿ ಓದಿ, 'ಮಕ್ಕಳು' ಎಂಬ ಕಡತದೊಳಗೆ 'ತಾಯಿ'ಯನ್ನು ಹುಡುಕಿತು. ಅಂಥ ಕಡತವೇ ಇರಲಿಲ್ಲ. ಅದರ ದೂರು ಯಾರೂ ತೆರೆಯದ ಒಂದು ಮೂಲೆಯಲ್ಲಿ ಬಿತ್ತು; ಸಾಲಿನ ಕೊನೆಯ ಆಜ್ಞೆ ಮಾತ್ರ, ಬಂದ ಶೂನ್ಯವನ್ನೇ ಅಚ್ಚುಕಟ್ಟಾಗಿ ಮುದ್ರಿಸಿ, ಕೆಲಸ ಸರಿಯಾಯಿತೆಂದು ವರದಿ ಮಾಡಿತು. ಕೊನೆಯದು ಸರಿ ಎಂದರೆ ಇಡೀ ಸಾಲೇ ಸರಿ ಎಂದು ಯಂತ್ರ ನಂಬುತ್ತದೆ. ತಲೆಬರಹವಷ್ಟೇ ಇದ್ದ ಹಾಳೆಯನ್ನು ನೋಡಿದ ನರ್ಸು, ತುರ್ತಿನದು ಏನೂ ಇಲ್ಲವೆಂದುಕೊಂಡಳು. ಹಾಗೆಂದುಕೊಂಡದ್ದರಲ್ಲಿ ಅವಳ ತಪ್ಪಿರಲಿಲ್ಲ.

ಹಿಂದಿನ ದಿನ ಹೆಣ್ಣುಮಗು ಹೆತ್ತ ಒಬ್ಬಾಕೆಗೆ ಒಳಗೊಳಗೇ ರಕ್ತ ಸೋರುತ್ತಿತ್ತು. ಅದನ್ನು ಹೇಳುವ ವರದಿ ಬೆಳಗ್ಗೆ ಹನ್ನೊಂದಕ್ಕೇ ಸಿದ್ಧವಾಗಿತ್ತು. ಮಧ್ಯಾಹ್ನ ಮೂರಕ್ಕೆ ಆಕೆ ಹೋದಳು.

ನಾಲ್ಕನೆಯ ದಿನ ಆಕೆಯ ತಾಯಿ ನಮ್ಮ ಕೋಣೆ ಹುಡುಕಿಕೊಂಡು ಬಂದರು. ಕೂರಲು ಹೇಳಿದರೂ ಕೂರಲಿಲ್ಲ. "ಕಂಪ್ಯೂಟರ್ ಕೆಟ್ಟಿತ್ತು ಅಂತಾರೆ. ಹೌದಾ?"

ಮೇಲಧಿಕಾರಿ ನಮಗೆ ಕಲಿಸಿಕೊಟ್ಟಿದ್ದ ಉತ್ತರವೂ ಅದೇ. ಮೇಷ್ಟ್ರು ಎದ್ದು ನಿಂತರು.

"ಕೆಟ್ಟಿರಲಿಲ್ಲಮ್ಮ. ನಾನು ಹೇಳಿದ ಹಾಗೇ ಮಾಡ್ತು. ಹೇಳಿದ್ದೇ ತಪ್ಪಾಗಿತ್ತು. ಎರಡು ಗುರುತು ಹಾಕ್ಬೇಕಿತ್ತು, ಹಾಕಿರಲಿಲ್ಲ."

"ಎಂಥ ಗುರುತು?"

ಅವರು ಒಂದು ಚೀಟಿಯ ಮೇಲೆ ಆ ಚಿಹ್ನೆಗಳನ್ನು ಬರೆದು ತೋರಿಸಿದರು. ಆ ತಾಯಿ ಬಹಳ ಹೊತ್ತು ಅದನ್ನೇ ನೋಡಿದರು.

"ಇಷ್ಟೇನಾ?"

"ಇಷ್ಟೇ."

ಆಕೆ ಚೀಟಿಯನ್ನು ಮಡಿಸಿ ರವಿಕೆಯೊಳಗಿಟ್ಟುಕೊಂಡು ಹೊರಟುಹೋದರು. ಮೇಷ್ಟ್ರ ಕೈ ಮೇಜಿನ ಅಂಚನ್ನು ಬಿಡಲೇ ಇಲ್ಲ. ಪಟ್ಟಿಯನ್ನು ತಿದ್ದಿದ್ದು ನಾನೆಂದು ನನ್ನ ಬಾಯಿಗೆ ಬಂದಿತ್ತು, ಅಷ್ಟರಲ್ಲಿ ಅವರು ನನ್ನತ್ತ ನೋಡಿ, "ನೀನು ಕೇಳಿದ್ದೆ. ಸಾಕು ಅಂದೋನು ನಾನು" ಎಂದಷ್ಟೇ ಹೇಳಿದರು. ತನಿಖೆಯಲ್ಲಿಯೂ ಅದನ್ನೇ ಬರೆದುಕೊಟ್ಟರು.

ಅವರನ್ನು ಕೆಲಸದಿಂದ ತೆಗೆಯಲಿಲ್ಲ, ಆ ಸ್ಕ್ರಿಪ್ಟು ಪೂರ್ತಿ ಅರ್ಥವಾಗುವ ಇನ್ನೊಬ್ಬರಿರಲಿಲ್ಲ. ಮೇಷ್ಟ್ರು ಚಿಹ್ನೆ ಹಾಕಿದರು, ಪ್ರತಿ ಆಜ್ಞೆಯ ಸೋಲನ್ನೂ ಪ್ರತ್ಯೇಕವಾಗಿ ಕೇಳಿ ತಿಳಿಯುವಂತೆ ತಿದ್ದಿದರು. ಆಮೇಲೆಯೂ ನಿವೃತ್ತಿಯವರೆಗೆ ದಿನಕ್ಕೆ ಮೂರು ಸಲ ಪ್ರಯೋಗಾಲಯದ ಪುಸ್ತಕ ಹಿಡಿದು ವಾರ್ಡಿಗೆ ಹೋಗಿ, ಹಾಳೆಗಳನ್ನು ಒಂದೊಂದಾಗಿ ತಾಳೆ ನೋಡುತ್ತಿದ್ದರು. ಮಗುವಿನ ಅಳು ಕೇಳಿದರೆ ಬೆರಳು ಸಾಲಿನ ಮೇಲೆ ನಿಂತುಬಿಡುತ್ತಿತ್ತು. ಮತ್ತೆ ಮೊದಲಿಂದ ಶುರು.

ಇಂಥವರು ಎಲ್ಲ ಕಚೇರಿಗಳಲ್ಲೂ ಇರುತ್ತಾರೆ: ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸೇರಬೇಕಾದದ್ದನ್ನು ಸದ್ದಿಲ್ಲದೆ ಸೇರಿಸುವವರು. ಸೇರುವಷ್ಟು ದಿನ ಅವರ ಹೆಸರನ್ನು ಯಾರೂ ಕೇಳುವುದಿಲ್ಲ. ಆ ಹೆಸರು ಮೊದಲ ಬಾರಿ ಕಾಗದಕ್ಕೇರುವುದು ತನಿಖೆಯ ಕಡತದಲ್ಲಿ, ಬಹುಮಟ್ಟಿಗೆ ಅವರದೇ ಕೈಬರಹದಲ್ಲಿ.