ಮೂರೂವರೆ ಗೇಣಿನ ಗಂಟು

ನಾನು ಬಿದ್ದ ಕಥೆ ಬೇರೆ ಯಾರಾದರೂ ಹೇಳಿದ್ರೆ ನಂಬಬೇಡಿ, ನನ್ನ ಹತ್ರಾನೇ ಕೇಳಿ. ಮೂರನೇ ಅಂತಸ್ತಿಂದ ಬಿದ್ದೆ. ಬೀಳ್ತಾ ಬೀಳ್ತಾ ಎರಡನೇ ಅಂತಸ್ತಿನ ಕಿಟಕೀಲಿ ಒಬ್ಬಳು ಅಜ್ಜಿ ಬಟ್ಟೆ ಮಡಚ್ತಾ ಕೂತಿದ್ಲು. "ಏನಪ್ಪಾ ಅಷ್ಟು ಅರ್ಜೆಂಟು?" ಅಂದ್ಲು. "ಕೆಳಗೆ ಸ್ವಲ್ಪ ಕೆಲಸ ಇದೆ ಅಜ್ಜಿ" ಅಂದೆ. ಕೈಲಿದ್ದ ಡಬ್ಬದಿಂದ ಒಂದು ತೊಟ್ಟು ಬಣ್ಣಾನೂ ಚೆಲ್ಲಲಿಲ್ಲ.

"ಮೂರಂತಸ್ತಲ್ಲ, ಆರು ಮೆಟ್ಲು" ಅಂತ ಒಳಗಿಂದ ನನ್ನ ಹೆಂಡತಿ ಕೂಗ್ತಾಳೆ. "ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅನ್ನೋ ಗಾದೆ ಇವರನ್ನ ನೋಡೇ ಕಟ್ಟಿರಬೇಕು."

ಇರ್ಲಿ ಬಿಡಿ. ಎಲ್ಲಿಂದ ಬಿದ್ರೇನು, ಬಲಗಾಲಿನ ಹಿಮ್ಮಡಿ ಮೂಳೆ ಪುಡಿಯಾಗಿದ್ದಂತೂ ಸತ್ಯ. ಡಾಕ್ಟ್ರು ಎಕ್ಸ್‌ರೇನ ಬೆಳಕಿಗೆ ಹಿಡಿದು, "ಬಿಸ್ಕತ್ತಿನ ಮೇಲೆ ಯಾರೋ ಕೂತಂಗಿದೆಯಲ್ರೀ" ಅಂದ್ರು. ಒಂದು ತಗಡು, ಏಳು ಸ್ಕ್ರೂ ಹಾಕಿದ್ರು. ನಮ್ಮ ಮನೆ ಬಾಗಿಲಿಗೂ ಅಷ್ಟು ಸ್ಕ್ರೂ ಇಲ್ಲ.

ನಾನು ಪೇಂಟರು. ಗೋಡೆಗೆ ಬಳಿಯೋರು ಬೀದಿಗೆ ಹತ್ತು ಜನ ಸಿಗ್ತಾರೆ, ನಾನು ಸೀಲಿಂಗಿಗೆ ಬಳಿಯೋನು. ಜೋಡಿ ಏಣಿ ನೋಡಿರ್ತೀರಿ, ಮೇಲೆ ಸೇರಿಸಿ, ಕೆಳಗೆ ಕಾಲು ಅಗಲಿಸಿ ನಿಲ್ಲಿಸೋದು. ಬೇರೆಯವರು ಹತ್ತುತಾರೆ, ಬಳೀತಾರೆ, ಇಳೀತಾರೆ, ಏಣಿ ಜರುಗಿಸ್ತಾರೆ, ಮತ್ತೆ ಹತ್ತುತಾರೆ. ನಾನು ಬೆಳಿಗ್ಗೆ ಹತ್ತಿದ್ರೆ ಊಟಕ್ಕೇ ಇಳಿಯೋದು. ತುದೀಲಿ ಆ ಕಡೆ ಒಂದು ಕಾಲು, ಈ ಕಡೆ ಒಂದು ಕಾಲು ಹಾಕಿ ನಿಂತು ಮೈಭಾರ ಎಡಕ್ಕೆ ಬಿಟ್ರೆ ಏಣಿ ಬಲಗಾಲು ಎತ್ತುತ್ತೆ. ಬಲಕ್ಕೆ ಬಿಟ್ರೆ ಎಡಗಾಲು ಎತ್ತುತ್ತೆ. ಹಂಗೇ ಟಕ್ ಟಕ್ ಅಂತ ರೂಮ್ ತುಂಬಾ ಏಣೀನ ನಡೆಸ್ಕೊಂಡು ಹೋಗ್ತೀನಿ. ಅದಕ್ಕೇ ನನಗೆ ಕೊಕ್ಕರೆ ಅಂತ ಹೆಸರು. ಒಂದು ಸಲ ನಡೆಯೋ ಜೋರಲ್ಲಿ ಬಾಗ್ಲು ದಾಟಿ, ರಸ್ತೆ ದಾಟಿ, ಎದುರು ಮನೆ ಸೀಲಿಂಗಿಗೂ ಬಳಿದು ವಾಪಸ್ ಬಂದಿದ್ದೆ.

ಏಣಿಯ ಎರಡು ಕಾಲಿನ ಮಧ್ಯೆ ಒಂದು ಹಗ್ಗ ಇರುತ್ತೆ, ಅದು ಜಾಸ್ತಿ ಅಗಲಿಸದಂಗೆ ತಡೆಯೋಕೆ. ಹತ್ತೋನ ಹೆಜ್ಜೆ ಎಷ್ಟೋ ಅಷ್ಟಕ್ಕೆ ಅದಕ್ಕೊಂದು ಗಂಟು. ನನ್ನ ಗಂಟು ಐದು ಗೇಣಿಗೆ. ನಮ್ಮ ಗುಂಪಲ್ಲಿ ಇರೋದು ಒಂದೇ ಕಾನೂನು. ಇನ್ನೊಬ್ಬನ ಬ್ರಷ್ ತಗೋ, ಚಪ್ಪಲಿ ತಗೋ, ಊಟದ ಡಬ್ಬಿ ಬೇಕಾದ್ರೂ ತಗೋ, ಗಂಟು ಮಾತ್ರ ಮುಟ್ಟಬೇಡ.

ನಾನು ಹಾಸಿಗೆ ಹಿಡಿದ ಮೇಲೆ ಸೀಲಿಂಗ್ ಕೆಲಸ ಸಿಕ್ಕಿದ್ದು ಯಾರಿಗೆ ಹೇಳಿ? ನನ್ನ ಭಾವಮೈದನಿಗೆ, ಹೆಂಡತಿಯ ಸ್ವಂತ ತಮ್ಮನಿಗೆ. ಕುಳ್ಳ, ಮೈ ಸಣ್ಣ, ತಲೆ ಮಾತ್ರ ಅಗಲ. ಎಲ್ಲರೂ ಮೊಳೆ ಅಂತ ಕರೀತಾರೆ. ಬ್ರಷ್ ಹಿಡಿಯೋದು ಕಲಿಸಿದೋನು ನಾನೇ, ಏಣಿ ನಡೆಸೋದು ಕಲಿಸಿದೋನೂ ನಾನೇ. ದಿನಾ ಸಾಯಂಕಾಲ ಮನೆಗೆ ಬರೋನು. ತಲೆ ತುಂಬಾ ಬಿಳಿ ಬಣ್ಣದ ಸಣ್ಣ ಸಣ್ಣ ಹನಿ. ಅವನ್ನ ನೋಡಿದ್ರೆ ನನ್ನ ಹೊಟ್ಟೇಲಿ ಕೆಂಡ ಮಗುಚಿದಂಗಾಗ್ತಿತ್ತು. ಅವೆಲ್ಲಾ ನನ್ನ ತಲೆ ಮೇಲೆ ಬೀಳಬೇಕಾಗಿದ್ದ ಹನಿ ಅಲ್ವಾ!

ಅವನಕ್ಕ ಬಾಚಣಿಗೆ ಹಿಡ್ಕೊಂಡು ಒಂದೊಂದೇ ಹನಿ ಕೀಳೋಳು. "ನೋಡ್ರೀ, ತಮ್ಮ ಎಷ್ಟು ಸುಸ್ತಾಗಿದ್ದಾನೆ."

"ನನಗೂ ಸುಸ್ತಾಗಿದೆ" ಅಂದೆ.

"ನಿಮಗೆ ಯಾಕೆ? ಮಲಗಿ ಮಲಗೀನಾ?"

ಮೊಳೆ ನಗೋನು. "ಭಾವ, ಬೇಗ ಹುಷಾರಾಗಿ. ನೀವಿಲ್ದೆ ಸೀಲಿಂಗ್ ಎಲ್ಲಾ ಬಿಕೋ ಅಂತಿವೆ."

ಇವನಿಗೆ ಸೀಲಿಂಗ್ ಬೇರೆ ಮಾತಾಡುತ್ತೆ ನೋಡಿ ಈಗ.

ಹೊಟ್ಟೆಕಿಚ್ಚು ಒಂದು ಸಲ ಮನೆ ಹೊಕ್ರೆ ಒಂದೇ ಮೂಲೇಲಿ ಕೂರಲ್ಲ. ಪಕ್ಕದ ಮನೆ ದರ್ಜಿಯ ನಾಯೀಗೂ ಅದೇ ವಾರ ಸ್ಕೂಟರ್ ತಾಗಿ ಕಾಲು ಮುರಿದಿತ್ತು. ನನ್ನ ಕಾಲಿಗೂ ಪಟ್ಟಿ, ಅದರ ಕಾಲಿಗೂ ಪಟ್ಟಿ. ಇಬ್ರೂ ಬಾಗಿಲಲ್ಲಿ ಕೂತು ಒಬ್ರ ಮುಖ ಒಬ್ರು ನೋಡ್ಕೊಂಡು ನಿಟ್ಟುಸಿರು ಬಿಡ್ತಿದ್ವಿ. ಐದನೇ ವಾರ ಅದು ಎದ್ದು ಬೆಕ್ಕು ಅಟ್ಟಿಸ್ಕೊಂಡು ಓಡಿತು. ದ್ರೋಹಿ! ಆಮೇಲೆ ನನ್ನದೇ ಎಡಗಾಲಿನ ಮೇಲೆ ಹೊಟ್ಟೆಕಿಚ್ಚಾಯ್ತು. ಅದೊಂದು ಕೊಬ್ಬಿದ ಕಾಲು, ಬೇಕಾದಂಗೆ ಮಡಚುತ್ತೆ, ಚಾಚುತ್ತೆ, ಸೊಳ್ಳೆ ಕಚ್ಚಿದ್ರೆ ತಾನೇ ಹೋಗಿ ಬಲಗಾಲಿಗೆ ಉಜ್ಜುತ್ತೆ. ಬಲಗಾಲು ಪಾಪ ಮರದ ತುಂಡು.

ಪಟ್ಟಿ ಬಿಚ್ಚಿದ ಮೇಲೆ ಡಾಕ್ಟ್ರು ವ್ಯಾಯಾಮ ಹೇಳಿಕೊಡೋ ಒಬ್ರು ಅಮ್ಮನ ಹತ್ರ ಕಳಿಸಿದ್ರು. ಆಯಮ್ಮ ನೆಲದ ಮೇಲೆ ಇಪ್ಪತ್ತು ಗೋಲಿ ಚೆಲ್ಲಿ, "ಕಾಲ್ಬೆರಳಲ್ಲಿ ಎತ್ತಿ ಬಟ್ಟಲಿಗೆ ಹಾಕಿ, ದಿನಾ ಮೂರು ಸಲ" ಅಂದ್ರು.

"ಅಮ್ಮಾ, ಸೀಲಿಂಗ್ ಮುಟ್ಟಿದೋನು ನಾನು. ಗೋಲಿ ಆಡಿಸ್ತೀರಾ?"

"ಗೋಲಿ ಎತ್ತಿದ್ರೆ ಪಾದ ಬಗ್ಗುತ್ತೆ. ಪಾದ ಬಗ್ಗಿದ್ರೆ ಸೀಲಿಂಗ್."

ಮನೆಗೆ ಬಂದು ಎರಡು ದಿನ ಎತ್ತಿದೆ. ಆಮೇಲೆ ಬಟ್ಟಲನ್ನ ಮಂಚದ ಕೆಳಗೆ ತಳ್ಳಿದೆ. ಯಾರಾದ್ರೂ ಕೇಳಿದ್ರೆ, "ಇವತ್ತು ನಾನೂರು ಎತ್ತಿದೆ, ಒಂದನ್ನ ಕಾಲಲ್ಲೇ ಎಸೆದು ಹಲ್ಲಿ ಹೊಡೆದೆ" ಅಂತಿದ್ದೆ.

ಏಳನೇ ತಿಂಗಳಿಗೆ ಕೋಲು ಬಿಟ್ಟೆ. ಆಗ ಮನೇಲಿ ಒಂದು ಗುಸುಗುಸು ಶುರುವಾಯ್ತು. ನಾನು ಸ್ನಾನ ಮುಗಿಸಿ ಬಂದ್ರೆ ಹೆಂಡತಿ, "ಕಾಲು ಒರೆಸ್ಕೋಬೇಡಿ, ಹಂಗೇ ಬನ್ನಿ" ಅನ್ನೋಳು. ಜೀವಮಾನದಲ್ಲಿ ಅಂಥ ಮಾತು ಅವಳ ಬಾಯಲ್ಲಿ ಕೇಳಿರಲಿಲ್ಲ. ಒಂದು ಸಂಜೆ ತಿರುಗಿ ನೋಡಿದ್ರೆ ಅಕ್ಕ ತಮ್ಮ ಇಬ್ರೂ ನಡುಮನೇಲಿ ಕುಕ್ಕರಗಾಲಲ್ಲಿ ಕೂತಿದ್ದಾರೆ, ನನ್ನ ಒದ್ದೆ ಹೆಜ್ಜೆ ಮುಂದೆ. ಮೊಳೆ ಕೈಲಿ ಒಂದು ದಾರ. ಅವಳು ಕಿವೀಲಿ ಏನೋ ಅಂದ್ಲು, ಇಬ್ರೂ ಕಿಸಕ್ಕನೆ ನಕ್ರು. ನನ್ನ ಕಂಡ ತಕ್ಷಣ ದಾರ ಜೇಬಿಗೆ ಹೋಯ್ತು.

"ಏನದು?"

"ಏನಿಲ್ಲ ಭಾವ, ಇರುವೆ."

ದಾರ ಹಾಕಿ ಇರುವೆ ಅಳೀತಾರಾ ಯಾರಾದ್ರೂ? ನನಗೆ ಗೊತ್ತಾಯ್ತು. ನನ್ನ ಕುಂಟು ಹೆಜ್ಜೆ ನೋಡಿ ನಗ್ತಿದ್ದಾರೆ. ಕೆಲಸ ಕಿತ್ಕೊಂಡಾಯ್ತು, ಈಗ ಹೆಂಡತೀನೂ ಅವನ ಪಾರ್ಟಿ. ಆ ರಾತ್ರಿ ನನಗೆ ಅನ್ನ ಸೇರಲಿಲ್ಲ. ಸುಳ್ಳು ಯಾಕೆ, ಎರಡನೇ ಸಲ ಬಡಿಸಿದ್ದು ಸೇರಲಿಲ್ಲ.

ಮರುದಿನವೇ ಮೇಸ್ತ್ರಿ ಮನೆಗೆ ಬಂದ್ರು. ನಮ್ಮ ಗುಂಪಿನ ಹಿರಿಯರು, ಮಾತು ಕಡಿಮೆ. "ಲೈಬ್ರರಿ ಓದೋ ಹಾಲ್ ಹಿಡಿದಿದ್ದೀನಿ. ಕಪಾಟು ಜರುಗಿಸಂಗಿಲ್ಲ, ಸಾರ್ವೆ ಕಟ್ಟೋಕೆ ಜಾಗ ಇಲ್ಲ, ಏಣೀನೇ ನಡೀಬೇಕು. ಸೋಮವಾರ ಬಾ. ಬಾಗಿಲಿಂದ ಕಿಟಕಿ ತನಕ ಒಂದು ಸಲ ನಡೆಸಿ ತೋರಿಸು. ಆಯ್ತೋ, ನಿನ್ನ ಜಾಗ ನಿಂದು. ಆಗಲಿಲ್ವೋ, ಕೆಳಗೆ ಕೂತು ಮರಳು ಕಾಗದ ಹಿಡಿದು ಕಿಟಕಿ ಉಜ್ಜು. ಸೀಲಿಂಗ್ ಇನ್ಮೇಲೆ ಮೊಳೇದು."

"ಕಿಟಕಿ ತನಕ ಯಾಕೆ ಮೇಸ್ತ್ರೀ, ಕಿಟಕಿಯಿಂದ ಆಚೆಗೂ ನಡೆಸ್ತೀನಿ."

"ಹಾಲ್ ಇರೋದು ಮೂರನೇ ಅಂತಸ್ತಲ್ಲಿ. ಅದು ನಿನಗೆ ಅಭ್ಯಾಸ ಇದೆ ಅಂತ ಕೇಳಿದ್ದೀನಿ" ಅಂದ್ರು ಮೇಸ್ತ್ರಿ.

ಸೋಮವಾರ ಎಲ್ಲರಿಗಿಂತ ಮುಂಚೆ ಹೋದೆ. ಹಾಲಿನ ಬಾಗಿಲ ಹತ್ರಾನೇ ನನ್ನ ಏಣಿ ನಿಂತಿತ್ತು. ಹದಿನಾರು ವರ್ಷದ ಬಣ್ಣ ಸುರಿದು ಹುಲಿ ಚರ್ಮದಂಗಾಗಿರೋ ಏಣಿ, ಕತ್ತಲಲ್ಲೂ ಗುರುತು ಹಿಡೀತೀನಿ. ಬಗ್ಗಿ ಹಗ್ಗ ನೋಡಿದೆ. ನನ್ನ ಗಂಟಿಲ್ಲ! ಬೇರೆ ಗಂಟು. ಗೇಣು ಹಾಕಿ ಅಳೆದೆ. ಮೂರೂವರೆ.

ಮೂರೂವರೆ ಗೇಣು ಮನುಷ್ಯನ ಹೆಜ್ಜೇನಾ? ಕೋಳಿ ಹೆಜ್ಜೆ ಅದು, ಮೊಳೆ ಹೆಜ್ಜೆ! ನನ್ನ ಏಣೀನ ತನ್ನ ಮೋಟುಗಾಲಿಗೆ ಕಟ್ಕೊಂಡಿದ್ದಾನೆ ನನ್ನ ಮಗ. ನನ್ನ ಹೊಟ್ಟೆ ಉರಿದ ಉರಿಗೆ ಅಲ್ಲೇ ಒಂದು ಪಾತ್ರೆ ಇಟ್ಟಿದ್ರೆ ಹತ್ತು ಜನಕ್ಕೆ ಕಾಫಿ ಆಗ್ತಿತ್ತು. ಹಲ್ಲು ಹಾಕಿ ಆ ಗಂಟು ಬಿಚ್ಚಿದೆ. ಐದು ಗೇಣು ಅಳೆದು ನನ್ನ ಹಳೇ ಗಂಟು ಹಾಕಿ, ಏನೂ ಗೊತ್ತಿಲ್ಲದೋನ ಥರ ಕಿಟಕಿ ಹತ್ರ ಹೋಗಿ ನಿಂತೆ.

ಎಲ್ಲರೂ ಬಂದ್ರು. ಹಾಲಿನ ಆ ತುದೀಲಿ ನಾಲ್ಕು ಜನ ಓದ್ತಿದ್ರು. ಲೈಬ್ರರಿ ಮೇಡಂ ಮೊದಲೇ ಹೇಳಿದ್ರು, "ಬಣ್ಣ ಬಳೀರಿ, ಆದ್ರೆ ಸದ್ದು ಬಂದ್ರೆ ಎಲ್ಲರನ್ನೂ ಆಚೆ ಹಾಕ್ತೀನಿ."

ಹತ್ತಿದೆ. ಏಳು ತಿಂಗಳಾದ ಮೇಲೆ ಸೀಲಿಂಗ್ ಮುಖ ನೋಡಿದೆ. ಕಣ್ಣು ಸ್ವಲ್ಪ ಒದ್ದೆ ಆಯ್ತು, ಧೂಳಿತ್ತು ಮೇಲೆ. ಮೊದಲನೇ ಹೆಜ್ಜೆ ಇಟ್ಟೆ. ಎರಡನೇದೂ ಇಟ್ಟೆ. ಮೊಳೆ ಕಡೆ ನೋಡಿ ಮೀಸೆ ತಿರುವಿದೆ. ಮೂರನೇದಕ್ಕೆ ಏಣಿ ಪೂರ್ತಿ ಐದು ಗೇಣು ಬಾಯಿ ಬಿಟ್ಟಿತು. ಬಲಪಾದ ಬಗ್ಗಲಿಲ್ಲ. ಹಿಮ್ಮಡೀಲಿ ಏಳು ಸ್ಕ್ರೂನೂ ಒಟ್ಟಿಗೆ ತಿರುಗಿಸಿದಂಗೆ ನೋವು. ಭಾರ ಬಲಕ್ಕೆ ಬಿಡೋಕಾಗಲ್ಲ. ಎಡಕ್ಕೆ ಬಿಟ್ರೆ ಏಣಿ ಗಿರಕಿ ಹೊಡೆಯುತ್ತೆ. ಮುಂದೆ ಇಲ್ಲ, ಹಿಂದೆ ಇಲ್ಲ, ಇಳಿಯೋಕೂ ಇಲ್ಲ. ಎರಡೂ ಕಾಲು ಅಗಲಿಸ್ಕೊಂಡು ಹಲ್ಲಿ ಥರ ಸೀಲಿಂಗಿಗೆ ಕೈ ಒತ್ತಿ ನಿಂತೆ.

ಮೊಳೆ ಓಡಿ ಬಂದು ಏಣಿ ತಬ್ಬಿ ಹಿಡಿದ. ಹಗ್ಗ ನೋಡ್ದ. ಪಿಸುಮಾತಲ್ಲೇ ಚೀರಿದ, "ಭಾವ! ಗಂಟು ಯಾರು ಬಿಚ್ಚಿದ್ದು?"

ನಾನೂ ಪಿಸುಗುಟ್ಟಿದೆ, "ನಾನೇ ಕಣೋ! ನನ್ನ ಏಣಿಗೆ ನಿನ್ನ ಗಂಟು ಹಾಕೋಕೆ ಎಷ್ಟು ಧೈರ್ಯ ನಿನಗೆ?"

"ನನ್ನ ಗಂಟಾ? ನನ್ನದು ನಾಲ್ಕು ಗೇಣು ಭಾವ!"

"ಮತ್ತೆ ಮೂರೂವರೆ ಯಾವ ಕೋತೀದು?"

"ನಿಮ್ದು!"

"ಶ್!" ಅಂದ್ರು ಲೈಬ್ರರಿ ಮೇಡಂ.

ಮೊಳೆ ಇನ್ನೂ ಸಣ್ಣ ದನೀಲಿ, "ಅಕ್ಕ ನಿಮ್ಮನ್ನ ಒದ್ದೆ ಕಾಲಲ್ಲಿ ನಡೆಸಿದ್ಲಲ್ಲ, ಆ ಹೆಜ್ಜೆ ಅಳೆದು ಕಟ್ಟಿದ್ದು. ಈಗ ನಿಮ್ಮ ಹೆಜ್ಜೆ ಅಷ್ಟೇ" ಅಂದ.

"ಹೇಳೋಕೇನಾಗಿತ್ತು ರೋಗ?"

"ಹೇಳಿದ್ರೆ ಒಪ್ತಿದ್ರಾ? ದಿನಾ ನಾನೂರು ಗೋಲಿ ಎತ್ತೋರಿಗೆ ಮೂರೂವರೆ ಗೇಣು ಅಂತ ಯಾವ ಬಾಯಲ್ಲಿ ಹೇಳ್ಲಿ? ಬಟ್ಟಲು ಮಂಚದ ಕೆಳಗಿರೋದು ಅಕ್ಕನಿಗೂ ಗೊತ್ತು, ನನಗೂ ಗೊತ್ತು."

ಆಗ ಕಣ್ಣು ಬಿಟ್ಟು ನನ್ನ ಏಣಿ ನೋಡಿದೆ. ಅದರ ಮೇಲೆ ಹೊಸ ಬಣ್ಣದ ಒಂದು ಹನೀನೂ ಇರಲಿಲ್ಲ. ಮೆಟ್ಟಿಲ ಸಂದೀಲೆಲ್ಲಾ ಜೇಡರ ಬಲೆ. ಏಳು ತಿಂಗಳಿಂದ ಅದನ್ನ ಯಾರೂ ಹತ್ತೇ ಇಲ್ಲ. ಬೆಳಿಗ್ಗೆ ಮೂಗು ತಾಗೋಷ್ಟು ಹತ್ರ ಬಗ್ಗಿದ್ರೂ ಕಂಡಿರಲಿಲ್ಲ. ಹೊಟ್ಟೆ ಉರಿಯೋವಾಗ ಹೊಗೆ ಎಲ್ಲಾ ಕಣ್ಣಿಗೇ ಹೋಗುತ್ತೆ.

ಮೊಳೆ, ಮೇಸ್ತ್ರಿ ಸೇರಿ ನನ್ನನ್ನ ಹೆಗಲ ಮೇಲೆ ಇಳಿಸಿದ್ರು. ಮೇಸ್ತ್ರಿ ಕಿಟಕಿ ಉಜ್ಜೋ ಕಾಗದ ಒಂದು ಕೈಲಿ ಹಿಡ್ಕೊಂಡು ನನ್ನ ಮುಖ ನೋಡಿದ್ರು.

"ಇನ್ನೊಂದು ಸಲ" ಅಂದೆ. "ಮೊಳೆ, ಆ ಗಂಟು ಸರಿ ಮಾಡೋ."

ಅವನು ಎರಡೂ ಕೈ ಹಿಂದಕ್ಕೆ ಕಟ್ಕೊಂಡ. "ನಾನು ಮುಟ್ಟಲ್ಲ ಭಾವ. ಒಂದು ಸಲ ಮುಟ್ಟಿದ್ದೇ ತಪ್ಪಾಯ್ತು. ನಿಮ್ಮ ಏಣಿ, ನಿಮ್ಮ ಗಂಟು."

ಎಲ್ಲರ ಎದುರಿಗೆ ಕೂತೆ. ಐದು ಗೇಣಿನ ಗಂಟು ಬಿಚ್ಚಿದೆ. ಗೇಣು ಹಾಕಿದೆ, ಒಂದು, ಎರಡು, ಮೂರು. ಆಮೇಲಿನ ಅರ್ಧ ಹಾಕೋವಾಗ ಕೈ ಸ್ವಲ್ಪ ಮುಂದಕ್ಕೆ ಜಾರಿಸೋಣ ಅನ್ನಿಸ್ತು. ಮೊಳೆ ಕೆಮ್ಮಿದ. ಸರಿಯಾಗಿ ಅರ್ಧಕ್ಕೇ ಕಟ್ಟಿದೆ.

ಹತ್ತಿ ನಡೆಸಿದೆ. ಟಕ್... ಟಕ್... ಹಿಂದೆ ಹನ್ನೆರಡು ಹೆಜ್ಜೆ ಹಿಡಿಯೋ ದೂರ, ಈಗ ಹದಿನೇಳು ಹಿಡೀತು. ಕಿಟಕಿ ಮುಟ್ಟಿದೆ. ಓದ್ತಿದ್ದೋರು ತಲೆ ಎತ್ತಿ ನೋಡಿದ್ರು, ಒಬ್ಬ ಸದ್ದಿಲ್ದೆ ಚಪ್ಪಾಳೆ ತಟ್ಟಿದ. ಮೇಸ್ತ್ರಿ ಕಾಗದ ಮಡಚಿ ಜೇಬಿಗೆ ಹಾಕ್ಕೊಂಡ್ರು. "ನಿನ್ನ ಜಾಗ ನಿಂದು. ಹಾಲ್ ದೊಡ್ಡದು, ನೀನು ಕಿಟಕಿ ಕಡೆಯಿಂದ ಬಾ, ಮೊಳೆ ಬಾಗಿಲ ಕಡೆಯಿಂದ ಬರ್ಲಿ. ಮಧ್ಯದಲ್ಲಿ ಸೇರಿ."

ಮೊಳೆ ಹೊರಗೆ ಹೋಗಿ ತನ್ನ ಏಣಿ ತಂದ. ಹೊಸ ಮರ, ನಾಲ್ಕು ಗೇಣಿನ ಗಂಟು. ಹತ್ತಿದ್ದೇ ತಡ ಟಕಟಕ ಅಂತ ಶುರು. ನಾನು ಒಂದು ಪಟ್ಟೆ ಮುಗಿಸೋ ಹೊತ್ತಿಗೆ ಅವನು ಎರಡು. ಊಟದ ಹೊತ್ತಿಗೆ ಮಧ್ಯ ದಾಟಿ ನನ್ನ ಅರ್ಧಕ್ಕೇ ಬಂದಿದ್ದ.

"ಭಾವ, ಸ್ವಲ್ಪ ಜರುಗ್ತೀರಾ?"

ತಿಂಗಳುಗಟ್ಟಲೆ ನನ್ನ ಏಣಿ ಹತ್ತದೆ ಕಾದಿಟ್ಟ ಹುಡುಗ. ಹೆಜ್ಜೆ ಅಳೆದು ಗಂಟು ಹಾಕಿಕೊಟ್ಟ ಹುಡುಗ. ಅವನ ಮೇಲೆ ಹೊಟ್ಟೆಕಿಚ್ಚು ಪಡಬಾರದು. ಆದ್ರೂ ಆ ಕುಳ್ಳನ ಹೆಜ್ಜೆ ನನ್ನ ಹೆಜ್ಜೆಗಿಂತ ಅರ್ಧ ಗೇಣು ಉದ್ದ ಅಂದ್ರೆ ಹೆಂಗ್ರೀ ಸಹಿಸೋದು?

ಸಾಯಂಕಾಲ ಮನೆಗೆ ಹೋದಾಗ ನನ್ನ ತಲೆ ತುಂಬಾ ಬಿಳಿ ಹನಿ. ಹೆಂಡತಿ ಬಾಚಣಿಗೆ ತಗೊಂಡು ಬಂದ್ಲು.

"ಅದು ಆಮೇಲೆ" ಅಂದೆ. "ಮೊದಲು ಮಂಚದ ಕೆಳಗಿಂದ ಆ ಗೋಲಿ ಬಟ್ಟಲು ತೆಗಿ."

"ಇವತ್ತಿಗೆ ನಾನೂರು ಆಗ್ಲಿಲ್ವಾ?"

"ನಗಬೇಡ ಕಣೇ. ನಿನ್ನ ತಮ್ಮ ಬರೋದ್ರೊಳಗೆ ಇಪ್ಪತ್ತು ಎತ್ತಬೇಕು."

ಮೊಳೆ ಬಾಗಿಲು ತಟ್ಟಿದಾಗ ಹನ್ನೊಂದು ಗೋಲಿ ಆಗಿತ್ತು. ಒಂದೂ ಸುಳ್ಳಿಲ್ಲ, ಹನ್ನೊಂದೇ.