ಸಣ್ಣವರ ಕಾಯಿ ಕಡಿಯಬಾರದು

ಹರಿಹರದ ಆ ಓಣಿಯಲ್ಲಿ ಸಂಜೆಯಾಯಿತೆಂದು ತಿಳಿಯಲು ಯಾರೂ ಗಡಿಯಾರ ನೋಡುವುದಿಲ್ಲ. ಪ್ರೇಮಲತಾ ಮನೆ ಮುಂದೆ ಒಲೆ ಹಚ್ಚಿ ಬಾಣಲೆಗೆ ಮೊದಲ ಮಿರ್ಚಿ ಬಿಟ್ಟಳೆಂದರೆ ಸಂಜೆ. ಮಂಡಕ್ಕಿಯ ಜೊತೆ ಅವಳ ಮಿರ್ಚಿ ತಿಂದವರು ದಾವಣಗೆರೆಯ ಮಿರ್ಚಿಯನ್ನೇ ಮರೆಯುತ್ತಾರೆ ಎಂದು ಹರಿಹರದವರು ಹೇಳುತ್ತಾರೆ. ದಾವಣಗೆರೆಯವರು ಇದನ್ನು ಒಪ್ಪುವುದಿಲ್ಲ, ಆದರೆ ಬಂದಾಗ ಎರಡು ಪ್ಲೇಟು ತಿನ್ನದೆ ಹೋಗುವುದೂ ಇಲ್ಲ.

ಬಾಣಲೆಯ ಹಿಂದೆ ಕೂತವಳಿಗೆ ಮನೆಯ ಜಗಲಿ ಪಕ್ಕದಲ್ಲೇ. ಜಗಲಿಯ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ಚೌಕಾಬಾರದ ಮನೆಗಳು. ಅದರ ಸುತ್ತ ಅವಳ ಮಗಳು ಸುಧಾ, ಎದುರು ಮನೆಯ ಶಮೀಮ್, ಇಬ್ಬರೂ ಆರನೇ ಕ್ಲಾಸಿನ ಗೆಳತಿಯರು. ಪಕ್ಕದ ಮನೆ ಅಂಜಿನವ್ವನ ಮೊಮ್ಮಗ ಕೊಟ್ರೇಶ್, ಇನ್ನೂ ಅಂಗನವಾಡಿಗೆ ಹೋಗುವ ಪೋರ. ಇವರಿಗೆಲ್ಲ ಗುರು ಎಂದರೆ ಪ್ರೇಮಲತಾಳ ಮಾವ ಜಂಬಯ್ಯ.

ಜಂಬಯ್ಯ ಖಾಸಗಿ ಬಸ್ಸಿನ ಕಂಡಕ್ಟರ್ ಆಗಿದ್ದವನು. ದಾವಣಗೆರೆಗೂ ಹರಿಹರಕ್ಕೂ ನಡುವೆ ಓಡಾಡುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಬಸ್ಸು ಬಿಟ್ಟರೂ ಕಂಡಕ್ಟರಿಕೆ ಬಿಡಲಿಲ್ಲ. ಚೌಕಾಬಾರದಲ್ಲಿ ಅವನ ಕಾಯಿಗಳು ಆ ಬಸ್ಸಿನಿಂದಲೇ ಬಿಚ್ಚಿ ತಂದ ಹಳೇ ನಟ್ಟುಗಳು. ಎದುರಾಳಿಯ ಕಾಯಿ ಕಡಿದನೆಂದರೆ ಅದನ್ನು ಎರಡು ಬೆರಳಲ್ಲಿ ಎತ್ತಿ ಹೊರಗಿಡುತ್ತ, "ಇಳೀರಿ, ಇಳೀರಿ, ನಿಮ್ ಸ್ಟಾಪ್ ಬಂತು!" ಎಂದು ಓಣಿಯ ತುದಿಗೆ ಕೇಳುವಂತೆ ಕೂಗುತ್ತಿದ್ದ. ಮಿರ್ಚಿ ತಿನ್ನುವವರು ನಗುತ್ತಿದ್ದರು, ಕಡಿಸಿಕೊಂಡವರು ಅಳುತ್ತಿದ್ದರು. ಮೊಮ್ಮಗಳೆಂಬ ಮುಲಾಜು ಅವನಿಗಿರಲಿಲ್ಲ. ಸುಧಾ ಮೂಗು ಒರೆಸಿಕೊಳ್ಳುತ್ತಲೇ ಆಟ ಕಲಿತಳು. ಪ್ರೇಮಲತಾ ವ್ಯಾಪಾರಕ್ಕೆ ಕೂತ ಹೊಸದರಲ್ಲಿ ನಾಚಿಕೆಯಿಂದ ತಲೆ ಎತ್ತುತ್ತಿರಲಿಲ್ಲ. ಆಗ ಅದೇ ಗಂಟಲಿನಲ್ಲಿ "ಬರ್ರಿ, ಕೂಡ್ರಿ, ಬಿಸಿ ಐತೆ" ಎಂದು ಗಿರಾಕಿಗಳನ್ನು ಕರೆದವನೂ ಅವನೇ. ಆ ಉಪಕಾರ ಅವಳು ಮರೆತಿರಲಿಲ್ಲ.

ಆಟಕ್ಕೆ ಓಣಿಯಲ್ಲಿ ಒಂದು ಪದ್ಧತಿ ಇತ್ತು. ಕೊಟ್ರೇಶನಂಥ ಪುಟ್ಟವರನ್ನು ಸೇರಿಸಿಕೊಳ್ಳಬೇಕು, ಆದರೆ ಸಣ್ಣವರ ಕಾಯಿ ಕಡಿಯಬಾರದು. ಕಡಿದರೆ ರಂಪ, ಆಮೇಲೆ ಅವರ ಅಜ್ಜಿಯರ ಜಗಳ. ಅದಕ್ಕೇ ಅವರ ಹುಣಸೆ ಬೀಜಗಳು ಎಲ್ಲಿ ಬೇಕಾದಲ್ಲಿ ರಾಜಾರೋಷವಾಗಿ ತಿರುಗಬಹುದು. ಅವರು ಗೆದ್ದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಆದರೆ ಅದನ್ನು ಗೆಲುವು ಅಂತ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈ ಸಲ ಯುಗಾದಿ ಮುಗಿಯುತ್ತಿದ್ದಂತೆ ಜಂಬಯ್ಯನಿಗೆ ಲಕ್ವ ಹೊಡೆಯಿತು. ದಾವಣಗೆರೆಯ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ. ಜೀವ ಉಳಿಯಿತು, ಕೋಲೂರಿ ನಡೆಯುವಷ್ಟಾಯಿತು. ಬಲಗೈ ಮಾತ್ರ ಜೋತು ಬಿತ್ತು, ನಾಲಿಗೆ ತೊದಲಿತು. ಬುದ್ಧಿಗೆ ಏನೂ ಆಗಿರಲಿಲ್ಲ, ಫಜೀತಿ ಅದೇ. ನೋಡಲು ಬಂದವರು ಅವನ ಮುಖದ ಮುಂದೆಯೇ, "ಹೇಳಿದ್ದು ತಿಳೀತೈತೇನ್ರಿ ಇವ್ರಿಗೆ?" ಎಂದು ಪ್ರೇಮಲತಾಳನ್ನು ಕೇಳುತ್ತಿದ್ದರು. ಉತ್ತರ ಅವಳೇ ಕೊಡುತ್ತಿದ್ದಳು. ಒಂದು ಮಾತಿಗಾಗಿ ಅವನು ಒದ್ದಾಡುವುದನ್ನು ಅವಳಿಂದ ನೋಡಲಾಗುತ್ತಿರಲಿಲ್ಲ. ಅವನು "ನೀ…" ಎನ್ನುವಷ್ಟರಲ್ಲಿ "ನೀರಾ ಮಾವಾ?" ಎಂದು ಲೋಟ ಹಿಡಿಯುತ್ತಿದ್ದಳು. ಬರಬರುತ್ತ ಅವನು "ನೀ" ಎನ್ನುವುದನ್ನೂ ಬಿಟ್ಟ. ಊಟ ಅರ್ಧಕ್ಕೆ ಇಳಿಯಿತು. ಆ ದೊಡ್ಡ ಗಂಟಲು ಇನ್ನು ಏಳುವುದೇ ಇಲ್ಲವೇನೋ ಎಂದು ಪ್ರೇಮಲತಾಳಿಗೆ ಒಳಗೊಳಗೇ ಭಯ ಹತ್ತಿತು.

ಅಜ್ಜನನ್ನು ಮತ್ತೆ ಜಗಲಿಗೆ ತಂದವಳು ಸುಧಾ. ಎಡಗೈ ಹಿಡಿದು ಕೂರಿಸಿ, ನಟ್ಟುಗಳನ್ನು ಮುಂದಿಟ್ಟಳು. ಎಡಗೈಗೆ ಕವಡೆಯ ಅಭ್ಯಾಸವಿಲ್ಲ. ಎಸೆದರೆ ಒಂದು ಇಲ್ಲಿ, ಇನ್ನೊಂದು ಚರಂಡಿಯ ಹತ್ತಿರ. ಮೊದಲ ದಿನವೇ ಶಮೀಮ್ ಅವನ ನಟ್ಟು ಕಡಿಯಲು ಕೈ ಚಾಚಿದಾಗ ಸುಧಾ ಅವಳ ಕಿವಿಯಲ್ಲಿ ಏನೋ ಉಸುರಿದಳು. ಚಾಚಿದ ಕೈ ಬೇರೆ ಕಾಯಿ ನಡೆಸಿತು. ಆವತ್ತು ಜಂಬಯ್ಯ ಗೆದ್ದ. ಮರುದಿನವೂ ಗೆದ್ದ. ಮುಖದಲ್ಲಿ ಸ್ವಲ್ಪ ಕಳೆ ಬಂತು.

ಕಿವಿಯಲ್ಲಿ ಉಸುರಿದ್ದೇನೆಂದು ಪ್ರೇಮಲತಾಳಿಗೆ ಹೊಳೆಯದೆ ಇರುತ್ತದೆಯೇ? ಅವಳಿಗೆ ಕಣ್ಣು ತುಂಬಿ ಬಂತು. ಬಿಸಿ ಬಿಸಿ ಮಿರ್ಚಿ ತಟ್ಟೆಗೆ ಹಾಕಿ ಹುಡುಗಿಯರ ಮುಂದಿಟ್ಟಳು. ಬಂದ ಗಿರಾಕಿಗಳಿಗೆಲ್ಲ ಪಿಸುದನಿಯಲ್ಲಿ ಮಗಳ ಗುಣಗಾನ ಮಾಡಿದಳು.

"ಎಂಥಾ ಮನಸು ನೋಡ್ರವ್ವ ಈ ವಯಸ್ಸಿಗೆ," ಎಂದಳು ಅಂಜಿನವ್ವ.

ಆದರೆ ಮನಸ್ಸು ಎಷ್ಟೇ ದೊಡ್ಡದಿರಲಿ, ಕೊಟ್ರೇಶನ ಬಾಯಿ ಅದಕ್ಕಿಂತ ದೊಡ್ಡದು. ಒಂದು ಸಂಜೆ ಶಮೀಮ್ ಮತ್ತೆ ಅಜ್ಜನ ನಟ್ಟನ್ನು ಕಡಿಯದೆ ಬಿಟ್ಟದ್ದೇ ತಡ, ಅವನು ಜಗಲಿಯ ಮೇಲೆ ಕುಣಿದು ಚಪ್ಪಾಳೆ ತಟ್ಟಿದ.

"ಅಜ್ಜಂದೂ ಕಡಿಯಂಗಿಲ್ಲ! ಅಜ್ಜನೂ ನನ್ನಂಗೆ ಸಣ್ಣೋನು!"

ತನಗೊಬ್ಬ ಜೊತೆಗಾರ ಸಿಕ್ಕನೆಂಬ ಸಂತೋಷ ಅವನದು. ಜಂಬಯ್ಯ ಮೊಮ್ಮಗಳ ಮುಖ ನೋಡಿದ. ಸುಧಾ ತಲೆ ತಗ್ಗಿಸಿದಳು. ಅವನು ನಟ್ಟುಗಳನ್ನು ಎಡಗೈಯಿಂದ ಒಂದೊಂದಾಗಿ ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡು, ಕೋಲೂರಿ ಒಳಗೆ ಹೋದ. ಮರುದಿನ ಹೊರಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಗೋಡೆಗೆ ಮುಖ ಮಾಡಿ ಮಲಗಿದವನು ಅನ್ನದ ತಟ್ಟೆಯನ್ನೂ ತಿರುಗಿ ನೋಡಲಿಲ್ಲ. ದಾವಣಗೆರೆಯ ಗ್ಯಾರೇಜಿನ ಕೆಲಸದಿಂದ ಬಂದ ಮಗ, ಪ್ರೇಮಲತಾಳ ಗಂಡ ಅಶ್ವಥ್, ಎಷ್ಟು ಕೂಗಿದರೂ ಹೂಂಗುಟ್ಟಲಿಲ್ಲ.

ಪ್ರೇಮಲತಾಳ ಸಿಟ್ಟೆಲ್ಲ ಕೊಟ್ರೇಶನ ಮೇಲೆ ಹೋಯಿತು. "ಆ ಹುಡುಗನ ಬಾಯಿಗೆ ಒಂದು ಬೀಗ ಹಾಕ್ಬೇಕು ನೋಡು," ಎಂದಳು, ಮೆಣಸಿನಕಾಯಿ ಸೀಳುತ್ತ.

ಕಡಲೆಹಿಟ್ಟು ಕಲಸುತ್ತಿದ್ದ ಸುಧಾ ಕೈ ನಿಲ್ಲಿಸಿದಳು. "ಅವನಿಗ್ಯಾಕ ಬೈತಿ? ಮಾಡಿದ್ದು ನಾನು."

"ನೀನೇನು ಕೆಟ್ಟದ್ದು ಮಾಡಿದಿ? ಒಳ್ಳೇದೇ ಮಾಡಿದ್ದು."

"ಅಮ್ಮಾ, ಸ್ಕೂಲಿಂದ ಕೊಂಡಜ್ಜಿ ಊರಿಗೆ ಕ್ಯಾಂಪ್ ಹೋಗಿದ್ನಲ್ಲ, ಆವಾಗ ಕೆರೆ ಸುತ್ತ ನಡೀವಾಗ ನಂಗೆ ಕಾಲು ಉಳುಕಿತ್ತು. ಮಿಸ್ಸು ನನ್ನ ಬ್ಯಾಗ್ ತಗೊಂಡ್ರು. ಒಬ್ಬಳು ನೀರು ಕೊಟ್ಲು, ಒಬ್ಬಳು ಟೋಪಿ ಹಿಡ್ಕಂಡ್ಲು. ಎಲ್ಲರೂ ಪಾಪ ಪಾಪ ಅಂದ್ರು. ನಡೀತೀನಿ ಅಂದ್ರೂ ಯಾರೂ ಕೇಳಲಿಲ್ಲ. ಎಲ್ಲರೂ ಒಳ್ಳೇರೇ. ಆದ್ರೂ ನಂಗೆ ಅಳು ಬಂತು."

"ಕಾಲು ನೋಯ್ತಿತ್ತೇನೋ."

"ಕಾಲು ಅಷ್ಟೇನೂ ನೋಯ್ತಿರಲಿಲ್ಲ," ಎಂದು ಸುಧಾ ಮತ್ತೆ ಹಿಟ್ಟು ಕಲಸತೊಡಗಿದಳು. ಎಣ್ಣೆ ಕಾದಿತ್ತು, ಗಿರಾಕಿ ಬಂದಿದ್ದರು. ಪ್ರೇಮಲತಾ ಆ ಮಾತನ್ನು ಅಲ್ಲಿಗೇ ಬಿಟ್ಟಳು.

ಮರುದಿನ ಶಾಲೆಯಿಂದ ಬಂದವಳೇ ಸುಧಾ ನೆಟ್ಟಗೆ ಅಜ್ಜನ ಕೋಣೆಗೆ ನುಗ್ಗಿದಳು. ಸಮಾಧಾನ ಹೇಳಲು ಹೋದಳೆಂದುಕೊಂಡ ಪ್ರೇಮಲತಾಳ ಕಿವಿಗೆ ಬಿದ್ದದ್ದೇ ಬೇರೆ.

"ಅಜ್ಜಾ, ಮೊನ್ನೆ ಆಟ ಅರ್ಧಕ್ಕೆ ಬಿಟ್ಟು ಎದ್ದು ಬಂದಿ. ಅರ್ಧಕ್ಕೆ ಎದ್ದೋರು ಸೋತಂಗೆ ಅಂತ ಹೇಳ್ಕೊಟ್ಟೋನು ನೀನೇ. ಹಂಗಾದ್ರೆ ನಾನು ಗೆದ್ದೆ. ಓಣಿಗೆಲ್ಲ ಹೇಳ್ತೀನಿ."

ಒಳಗೆ ಮಂಚ ಕಿರ್ ಎಂದಿತು.

"ಮೊನ್ನೆ ನಾನು ಮೋಸ ಮಾಡಿದ್ದೆ, ನಿನ್ನ ಕಾಯಿ ಕಡೀಬ್ಯಾಡಿ ಅಂತ ಹೇಳಿದ್ದೆ. ಇವತ್ತು ಹಂಗಿಲ್ಲ. ಕಡೀತೀನಿ. ಧೈರ್ಯ ಇದ್ರೆ ಬಾ."

ಪ್ರೇಮಲತಾಳಿಗೆ ಮೈ ಉರಿಯಿತು. ಕಾಯಿಲೆ ಬಿದ್ದ ಹಿರಿಯರ ಜೊತೆ ಮಾತಾಡುವ ಚಂದವೇ ಇದು? ಎದ್ದು ಎರಡು ಬಿಡೋಣವೆಂದರೆ ಬಾಣಲೆ ತುಂಬ ಮಿರ್ಚಿ. ಅಷ್ಟರಲ್ಲಿ ಕೋಲಿನ ಸದ್ದಾಯಿತು. ಕೆಂಡದಂಥ ಮುಖ ಹೊತ್ತು ಜಂಬಯ್ಯ ಜಗಲಿಗೆ ಬಂದು ಕೂತ. ಜೇಬಿಗೆ ಕೈ ಹಾಕಿ ನಟ್ಟುಗಳನ್ನು ಟಣ್ಣೆಂದು ಕಲ್ಲಿನ ಮೇಲೆ ಸುರುವಿದ.

ಆಟ ಶುರುವಾಯಿತು. ಸುಧಾ ಹೇಳಿದಂತೆಯೇ ಆಡಿದಳು. ಅಜ್ಜನ ಕವಡೆ ಜಗಲಿಯಿಂದ ಕೆಳಗೆ ಬಿದ್ದರೆ, "ಕೆಳಗೆ ಬಿದ್ದಿದ್ದು ನಡೆಯಲ್ಲ, ಮತ್ತೆ ಹಾಕು," ಎಂದಳು. ಹೆಕ್ಕಿ ಕೊಡಲು ಹೋದ ಶಮೀಮ್‌ಳ ಕೈ ಹಿಡಿದು ನಿಲ್ಲಿಸಿದಳು. ಜಂಬಯ್ಯ ಬಗ್ಗಿ, ಉಸಿರು ಬಿಡುತ್ತ, ತಾನೇ ಹೆಕ್ಕಿಕೊಂಡ. ಅವನ ಒಂದು ನಟ್ಟು ನಡುಮನೆ ಸೇರಿ ಹಣ್ಣಾಗಲು ಇನ್ನೊಂದೇ ಮನೆ ಇತ್ತು. ಸುಧಾಳಿಗೆ ಮೂರು ಬಿತ್ತು. ತನ್ನ ಕೆಂಪು ಬಳೆಚೂರನ್ನು ನಡೆಸಿ, ಆ ನಟ್ಟನ್ನೇ ಕಡಿದು ಹೊರಗಿಟ್ಟಳು.

ಪ್ರೇಮಲತಾ ಸೌಟು ಹಿಡಿದೇ ಎದ್ದು ನಿಂತಳು. "ಏ ಸುಧಾ! ಕಣ್ಣಾಗೆ ನೀರಿಲ್ಲೇನು ನಿಂಗೆ? ಇಂಥಾ ಸ್ಥಿತಿಯಾಗಿರೋರ್ನ—"

ಜಂಬಯ್ಯ ಎಡಗೈ ಎತ್ತಿದ. ಬಾಯಿ ಸೊಟ್ಟಗಾಗಿ, ಗಂಟಲು ಉಬ್ಬಿ, ಒಂದೊಂದೇ ಅಕ್ಷರ ಹೊರಬಂತು. "ಸು…ಮ್ಕಿ…ರವ್ವ."

ಪ್ರೇಮಲತಾ ನಿಂತಲ್ಲೇ ನಿಂತಳು. ಅವನ ಮುಖ ನೋಡಿದಳು. ಸಿಟ್ಟಿತ್ತು, ಹಟವಿತ್ತು. ಇಷ್ಟು ತಿಂಗಳಿಂದ ಕಾಣದೆ ಹೋಗಿದ್ದ ಜಂಬಯ್ಯನೇ ಅಲ್ಲಿ ಕೂತಿದ್ದ.

ಅವನು ಕವಡೆ ಎಸೆದ. ಎಂಟು ಬಿತ್ತು. ಇನ್ನೊಮ್ಮೆ ಎಸೆಯುವ ಹಕ್ಕು. ಎಸೆದ. ಎರಡು. ಕಣ್ಣಲ್ಲೇ ಮನೆ ಎಣಿಸಿ, ನಟ್ಟನ್ನು ತಳ್ಳಿ ತಳ್ಳಿ ನಡೆಸಿ, ಸುಧಾಳ ಬಳೆಚೂರಿನ ಮೇಲೆ ತಂದು ಕೂರಿಸಿದ. ಬಳೆಚೂರನ್ನು ಎತ್ತಲು ಹೋದದ್ದು ಬಲಗೈ, ಅಭ್ಯಾಸಬಲ. ಅದು ನಡುಗಿ ಕೆಳಗಿಳಿಯಿತು. ಎಡಗೈಯಲ್ಲಿ ಎತ್ತಿದ. ಓಣಿಯೆಲ್ಲ ಕಾಯುತ್ತಿತ್ತು. "ಇಳೀರಿ" ಎಂಬ ಮಾತು ಪ್ರೇಮಲತಾಳ ನಾಲಿಗೆಯ ತುದಿಗೆ ಬಂದಿತ್ತು. ಅವಳು ತುಟಿ ಕಚ್ಚಿಕೊಂಡಳು. ಬಾಣಲೆಯಲ್ಲಿ ಮಿರ್ಚಿ ಕಪ್ಪಾಗುತ್ತಿದ್ದವು, ಆಗಲಿ.

"ಇ…ಳಿ," ಎಂದ ಜಂಬಯ್ಯ. "ಇಳಿ. ಸ್ಟಾ…ಪ್… ಬಂತು!"

ಸುಧಾ ಸಂತೋಷಪಡಲಿಲ್ಲ. ಅವಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಎರಡಲ್ಲ, ಒಂದು ಬಿದ್ದಿದ್ದು! ಆ ಕವಡೆ ವಾರೆ ಇತ್ತು!" ಎಂದು ಕಿರುಚಿದಳು. ಅಜ್ಜ "ಎರ…ಡು" ಎಂದು ಕಲ್ಲು ಗುದ್ದಿದ. ಮೊಮ್ಮಗಳು "ಒಂದು" ಎಂದಳು. ಆ ಜಗಳದಲ್ಲಿ ಜಂಬಯ್ಯ ಆಡಿದಷ್ಟು ಮಾತು ಆಸ್ಪತ್ರೆಯಿಂದ ಬಂದ ಮೇಲೆ ಒಟ್ಟು ಸೇರಿಸಿದರೂ ಆಡಿರಲಿಲ್ಲ. ಕೊನೆಗೆ ಶಮೀಮ್ ಎರಡೆಂದೇ ತೀರ್ಪು ಕೊಟ್ಟಳು. ಇದನ್ನೆಲ್ಲ ಬಾಯಿ ಬಿಟ್ಟು ನೋಡುತ್ತಿದ್ದ ಕೊಟ್ರೇಶ್ ತನ್ನ ಹುಣಸೆ ಬೀಜಗಳನ್ನು ಮುಂದೆ ತಳ್ಳಿ, "ನಂದೂ ಕಡೀರಿ," ಎಂದ.

ಆಟ ಗೆದ್ದವಳು ಸುಧಾ. ಅಷ್ಟಿಷ್ಟರಲ್ಲಿ ಅಲ್ಲ, ಮೂರು ಕಾಯಿ ಅಂತರದಲ್ಲಿ. ಒಂದನ್ನೂ ಬಿಟ್ಟುಕೊಡಲಿಲ್ಲ. ಸೋತ ಜಂಬಯ್ಯ ಒಳಗೆ ಹೋಗಿ ತಟ್ಟೆ ತುಂಬ ಉಂಡ. ಸೋತವನು ಹೀಗೆ ಉಣ್ಣುವುದನ್ನು ಪ್ರೇಮಲತಾ ಜನ್ಮದಲ್ಲಿ ನೋಡಿರಲಿಲ್ಲ. ಬಡಿಸುತ್ತ ಅವಳಿಗೆ ಕೊಂಡಜ್ಜಿ ಕ್ಯಾಂಪಿನ ಮಾತು ನೆನಪಾಯಿತು. ತನ್ನ ಕಾಲು ಉಳುಕಿದ ದಿನವನ್ನು ಇಟ್ಟುಕೊಂಡು ಅಜ್ಜನ ಹೊಟ್ಟೆಯೊಳಗಿನ ಸಂಕಟವನ್ನು ಆ ಹುಡುಗಿ ಅಳೆದಿದ್ದಳು. ತಾನು ಮಾಡಿದ ಒಳ್ಳೇತನವನ್ನು ತಾನೇ ಹಿಂದಕ್ಕೆ ತೆಗೆದುಕೊಂಡಿದ್ದಳು. ಎಷ್ಟು ಜನ ದೊಡ್ಡವರಿಂದ ಅದಾಗುತ್ತದೆ? ಹೆತ್ತವಳಿಗೇ ಮಗಳನ್ನು ಕಂಡು ಬೆರಗಾಯಿತು.

ಮರುದಿನ ಸಂಜೆ ಭಾನುವಳ್ಳಿಯ ಭರಮಣ್ಣ ಬಂದ. ಹಿಂದೆ ಜಂಬಯ್ಯನ ಬಸ್ಸಿಗೇ ಹತ್ತುತ್ತಿದ್ದ ಹಳೇ ಗಿರಾಕಿ. ಮಂಡಕ್ಕಿ ತಟ್ಟೆ ಹಿಡಿದು, ಜಗಲಿಯ ಮೇಲೆ ಕೂತವನ ಕಡೆ ಗದ್ದ ಎತ್ತಿ, ದನಿ ತಗ್ಗಿಸಿ ಪ್ರೇಮಲತಾಳನ್ನು ಕೇಳಿದ. "ಹೆಂಗದಾರವ್ವ ನಿಮ್ಮ ಮಾವ್ನೋರು?"

ಉತ್ತರ ಅವಳ ಬಾಯಲ್ಲಿ ಸಿದ್ಧವಾಗಿತ್ತು, ದಿನವೂ ಹೇಳುವುದೇ. ಅದನ್ನು ನುಂಗಿಕೊಂಡಳು.

"ಅಲ್ಲೇ ಕೂತಾರಲ್ರಿ," ಎಂದಳು. "ಅವರನ್ನೇ ಕೇಳ್ರಿ."

ಭರಮಣ್ಣ ಗಲಿಬಿಲಿಗೊಂಡು ಆ ಕಡೆ ತಿರುಗಿದ. ಜಂಬಯ್ಯ ಬಾಯಿ ತೆರೆದ. ಮಾತು ಬರಲು ಹೊತ್ತು ಹಿಡಿಯಿತು. ಪ್ರೇಮಲತಾ ಮಿರ್ಚಿ ತಿರುವಿ ಹಾಕುತ್ತ ಕಾದಳು. ಭರಮಣ್ಣನೂ ಕಾಯಬೇಕಾಯಿತು.

"ಸೋ…ತೆ. ನಿನ್ನೆ," ಎಂದ ಜಂಬಯ್ಯ. ಎಡಗೈಯ ಬೆರಳು ಮೊಮ್ಮಗಳ ಕಡೆ ತಿರುಗಿತು. ಅರ್ಧ ಮುಖದಲ್ಲಿ ಅರಳಿದ ನಗು ಇಡೀ ಮುಖಕ್ಕಾಗುವಷ್ಟಿತ್ತು. "ಇ…ವ್ಳು… ಬಿಡಲ್ಲ… ಯಾ…ರ್ನೂ."

"ಇವತ್ತೂ ಬಿಡಲ್ಲ," ಎಂದು ಸುಧಾ ಕವಡೆ ಅವನ ಮುಂದೆ ತಳ್ಳಿದಳು.