ಗೋಂದಿನ ಕೆಳಗಿನ ಗೋಂದು

ಇಡೀ ಬಳಗದಲ್ಲಿ ಅವಳಿಗೆ ಜಾರುಗೈ ಎಂದೇ ಹೆಸರು. ನೆಂಟರಿಷ್ಟರು ಸೇರಿದರೆ ಸಾಕು, ಗಾಜಿನ ಲೋಟಗಳ ತಟ್ಟೆ ಅವಳ ಹತ್ತಿರ ಬರುವಷ್ಟರಲ್ಲಿ ಯಾರಾದರೊಬ್ಬರು, "ಏಯ್, ಅವಳ ಕೈಗೆ ಕೊಡಬೇಡ್ರಪ್ಪೋ!" ಎಂದು ಕೂಗುವುದು, ಉಳಿದವರು ಹೊಟ್ಟೆ ಹಿಡಿದುಕೊಂಡು ನಗುವುದು. ಅವಳೂ ನಗುತ್ತಿದ್ದಳು. ನಗದೆ ಏನು ಮಾಡುತ್ತಾಳೆ ಪಾಪ? ಹಾಗೆ ನೋಡಿದರೆ ಅವಳು ಹೊಟ್ಟೆ ಹೊರೆಯುವುದೇ ಕೈಯ ನಯದಿಂದ. ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲು ಮಾಡಿಕೊಡುವ ಕೆಲಸ ಅವಳದು. ಕೂದಲೆಳೆಯಷ್ಟು ಉಬ್ಬು ಹೆಚ್ಚಾದರೂ ಹಾಕಿಕೊಂಡವರು ಊಟಕ್ಕೆ ಕೂತಾಗಲೆಲ್ಲ ಶಾಪ ಹಾಕುತ್ತಾರೆ. ಅಂಥ ಕೈಗೆ ಇಂಥ ಹೆಸರು!

ಆ ಹೆಸರು ಬಂದದ್ದು ಅವಳ ಹನ್ನೊಂದನೆಯ ವಯಸ್ಸಿನಲ್ಲಿ. ಅಪ್ಪನಿಗೆ ಪುಟಾಣಿ ರೈಲು ಎಂಜಿನ್‌ಗಳ ಹುಚ್ಚು. ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬರುವ ಬಿಳಿ ಲೋಹದ ಭಾಗಗಳನ್ನು ಅರದಿಂದ ಉಜ್ಜಿ, ಗೋಂದು ಹಾಕಿ ಕೂಡಿಸಿ, ಬಣ್ಣ ಬಳಿದು, ಅಂಗೈಯಷ್ಟು ಉದ್ದದ ಎಂಜಿನ್ ಎಬ್ಬಿಸುತ್ತಿದ್ದರು. ಆ ಲೋಹ ಬಲು ಮೆತ್ತಗೆ. ಬೆಸುಗೆಯ ಬಿಸಿ ಚೂರು ಹೆಚ್ಚಾದರೆ ಕರಗಿ ಮುದ್ದೆಯಾಗುತ್ತದೆ, ಅದಕ್ಕೇ ಗೋಂದು. ರಜಾದಿನ ಅಪ್ಪ ಮೇಜಿಗೆ ಕೂತರೆ ಪಕ್ಕದ ಮುಕ್ಕಾಲಿ ಅವಳದು. ಅರ ಕೊಡುವುದು, ಚಿಮಟ ಕೊಡುವುದು, ಗೋಂದು ಹಿಡಿಯುವವರೆಗೆ ಉಸಿರು ಬಿಗಿಹಿಡಿದು ಭಾಗಗಳನ್ನು ಒತ್ತಿಕೊಂಡಿರುವುದು. ಅದಕ್ಕಿಂತ ದೊಡ್ಡ ಸುಖ ಅವಳು ಕಂಡಿರಲಿಲ್ಲ. ಅಣ್ಣನಿಗೆ ಇದೆಲ್ಲ ಬೇಕಿರಲಿಲ್ಲ. ಅವನದು ಬೀದಿ, ಚೆಂಡು, ಜಗಳ.

ಒಂದು ದಿನ ಅವಳು ಎಂಜಿನ್‌ಗಳನ್ನಿಡುವ ಗೋಡೆಗೂಡಿನ ಧೂಳು ಒರೆಸುತ್ತಿದ್ದಳು. ಅಪ್ಪನ ಪ್ರಾಣವೇ ಆಗಿದ್ದ ಹಸಿರು ಎಂಜಿನ್‌ಗೆ ಬಟ್ಟೆ ತಾಗಿತೋ ಇಲ್ಲವೋ, ಚಾಲಕ ನಿಲ್ಲುವ ಕೋಣೆ ಬಾಯ್ಲರಿನಿಂದ ಕಳಚಿ ನೆಲಕ್ಕೆ ಬಿತ್ತು. ಅಪ್ಪ ಬೈಯಲಿಲ್ಲ. ಬೈದು, ಒಂದು ಏಟು ಕೊಟ್ಟು ಮುಗಿಸಿದ್ದರೂ ಚೆನ್ನಾಗಿತ್ತು. ಮಾರನೆಯ ದಿನ ಮುರಿದ ಎಂಜಿನ್ ಹಿಡಿದು ಬಾಗಿಲು ಹಾಕಿಕೊಂಡು ಒಬ್ಬರೇ ರಿಪೇರಿ ಮಾಡಿದರು. ಹೊರಗೆ ಬಂದು, "ಇನ್ಮೇಲೆ ಈ ಮೇಜಿನ ಹತ್ರ ಬರಬೇಡ" ಎಂದರು, ಅಷ್ಟೇ. ಮುಕ್ಕಾಲಿ ಅಡುಗೆಮನೆಗೆ ಹೋಯಿತು. ಅವಳು ಅತ್ತು ಅತ್ತು ಸುಸ್ತಾದಾಗ ಪಕ್ಕದಲ್ಲಿ ಬಂದು ಕೂತವನು ಅಣ್ಣ. ಪೆಪ್ಪರಮೆಂಟು ಕೊಟ್ಟ, ತನ್ನ ಅಂಗಿಯ ತುದಿಯಿಂದಲೇ ಕಣ್ಣೊರೆಸಿದ. "ಅಳಬೇಡ ಕಣೇ. ಎಲ್ಲರ ಕೈಯಿಂದಲೂ ಬೀಳುತ್ತೆ. ನಾನು ಅಪ್ಪನಿಗೆ ಹೇಳ್ತೀನಿ" ಎಂದ. ಜಾರುಗೈ ಎಂದು ಮೊದಲು ಮುದ್ದಿಗೆ ಕರೆದವನೂ ಅವನೇ. ಅವತ್ತಿನಿಂದ ಅಣ್ಣನ ಮಾತೆಂದರೆ ಅವಳಿಗೆ ಎರಡನೇ ಮಾತಿಲ್ಲ.

ಈಗ ಅಪ್ಪ ಇರುವುದು ಅಣ್ಣನ ಮನೆಯಲ್ಲಿ. ಕಣ್ಣು ಹೆಚ್ಚುಕಡಿಮೆ ಹೋಗಿದೆ. ಪುಟಾಣಿ ರೈಲು ಮಾಡುವವರ ಸಂಘದಲ್ಲಿ ಹಳಬರ ಕೆಲಸಗಳ ಪ್ರದರ್ಶನ ಇಡುತ್ತಾರೆಂದೂ, ಹಸಿರು ಎಂಜಿನ್ ಬೇಕೇ ಬೇಕೆಂದು ಕೇಳಿದ್ದಾರೆಂದೂ ಅಣ್ಣ ಫೋನಿನಲ್ಲಿ ಹೇಳಿದ.

"ಅದರ ಕೋಣೆ ಜೋತುಬಿದ್ದಿದೆ ಕಣೇ, ಬಣ್ಣ ಎಲ್ಲ ಸಿಪ್ಪೆ ಎದ್ದಿದೆ. ಪೂರ್ತಿ ಬಿಚ್ಚಿ ಮತ್ತೆ ಜೋಡಿಸಬೇಕು ಅಂತಾರೆ ಅಪ್ಪ. ನನ್ನ ಕೈಲಿ ಆಗಲ್ಲಪ್ಪ. ನೀನಾದ್ರೆ ಹಲ್ಲು ಮಾಡೋಳು, ಸಣ್ಣ ಸಣ್ಣ ಉಳಿ, ಚಿಮಟ ಎಲ್ಲ ಇಟ್ಕೊಂಡಿದೀಯ."

"ಅಪ್ಪ ಒಪ್ಪಿದ್ರಾ? ನಾನು ಮಾಡ್ತೀನಿ ಅಂದ್ರೆ?"

"ಒಪ್ಪಿದ್ರು ಮಾರಾಯ್ತಿ."

ಅವಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಐವತ್ತು ದಾಟಿದ ಹೆಂಗಸು, ಕನ್ನಡಿಯ ಮುಂದೆ ನಿಂತು ತನ್ನಷ್ಟಕ್ಕೆ ನಕ್ಕಳು. ಇದೊಂದು ಎಂಜಿನ್ ಅಪ್ಪನ ಕೈಗೆ ಮತ್ತೆ ಗಟ್ಟಿಯಾಗಿ ನಿಲ್ಲಿಸಿಕೊಟ್ಟರೆ ಸಾಕು, ಹಳೆಯ ತಪ್ಪು ತೊಳೆದುಹೋಗುತ್ತದೆ, ಅಪ್ಪ ಒಮ್ಮೆ "ಬಾ, ಕೂತ್ಕೋ" ಅಂದುಬಿಡುತ್ತಾರೆ ಎಂದು ಅವಳ ಲೆಕ್ಕ.

ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲೇ ಕೆಲಸ ಹೂಡಿದಳು. ಮೊದಲು ಗಾಲಿಗಳನ್ನು ಬಿಚ್ಚಿ ಡಬ್ಬಿಯಲ್ಲಿಟ್ಟಳು, ಹಳೆಯ ಬಣ್ಣ ತೆಗೆದಳು. ಆಮೇಲೆ ಪಾತ್ರೆಯಲ್ಲಿ ನೀರು ಕುದಿಸಿ ಎಂಜಿನ್ ಮುಳುಗಿಸಿದಳು. ಅಪ್ಪ ಬಳಸುತ್ತಿದ್ದದ್ದು ಎರಡು ಟ್ಯೂಬು ಕಲಸಿ ಹಚ್ಚುವ, ನಿಧಾನಕ್ಕೆ ಗಟ್ಟಿಯಾಗುವ ಗೋಂದು. ಕುದಿಯುವ ನೀರಿಗೆ ಬಿದ್ದರೆ ಅದು ಮೆತ್ತಗಾಗಿ ರಬ್ಬರಿನ ಹಾಗೆ ಎದ್ದು ಬರುತ್ತದೆ. ಲೋಹ ಬಾಗದಂತೆ ಚಿಮಟದಲ್ಲಿ ಹಿಡಿದು, ಹಲ್ಲಿನ ಉಳಿಯಿಂದ ಮೆಲ್ಲಗೆ ಮೀಟಿದಳು. ಹೊಗೆಕೊಳವೆ ಬಂತು, ಗುಮ್ಮಟ ಬಂತು, ಮೆಟ್ಟಿಲು ಬಂತು. ಪ್ರತಿಯೊಂದು ಬಿಟ್ಟಾಗಲೂ, "ಬಾರೋ ನನ್ನ ರಾಜ" ಎಂದು ಮಾತಾಡಿಸುತ್ತಿದ್ದಳು.

ಚಾಲಕನ ಕೋಣೆಯ ಅಂಟನ್ನು ಕೊನೆಗೆ ಉಳಿಸಿಕೊಂಡಿದ್ದಳು. ಅದು ತಾನೇ ಮುರಿದ ಜಾಗ. ಅಪ್ಪನ ಜೇನುಬಣ್ಣದ ಗೋಂದು ಅಲ್ಲೂ ಸುಲಿದು ಬಂತು. ಆದರೆ ಅದರ ಕೆಳಗೆ ಇನ್ನೊಂದು ಪದರ ಇತ್ತು, ಗಾಜಿನ ಹಾಗೆ ಬಿಗಿದುಕೊಂಡು, ಅಂಚಿನಲ್ಲಿ ಬೆಳ್ಳಗೆ ಹಬೆ ಹಿಡಿದಂತೆ. ಅದು ಬಿಸಿನೀರಿಗೆ ಜಗ್ಗಲಿಲ್ಲ. ಹತ್ತಿಗೆ ನೇಲ್ ಪಾಲಿಶ್ ರಿಮೂವರ್ ಸುರಿದು ಒಂದು ಮೂಲೆಗೆ ಒತ್ತಿದಳು. ಪದರ ಕರಗಿ ಲೋಳೆಯಾಯಿತು.

ಹಾಗೆ ಲೋಳೆಯಾಗುವುದು ಕ್ಷಣದಲ್ಲಿ ಅಂಟುವ ಗೋಂದು. ಅಪ್ಪ ಅದನ್ನು ಮೇಜಿನ ಹತ್ತಿರಕ್ಕೂ ಸೇರಿಸುತ್ತಿರಲಿಲ್ಲ, "ಆತುರಗೇಡಿಗಳ ಗೋಂದು" ಎಂದು ಮೂಗು ಮುರಿಯುತ್ತಿದ್ದರು. ಮನೆಯಲ್ಲಿ ಅದರ ಟ್ಯೂಬು ಇದ್ದದ್ದು ಅಣ್ಣನ ಹತ್ತಿರ, ಅವನ ಆಟದ ಬೂಟು ಬಾಯಿಬಿಟ್ಟಾಗಲೆಲ್ಲ ಹಚ್ಚಲು. ಅದು ಅಪ್ಪನ ರಿಪೇರಿಯ ಕೆಳಗಿದೆ ಎಂದರೆ ರಿಪೇರಿಗಿಂತ ಮೊದಲೇ ಹಚ್ಚಿದ್ದು. ಅವಳು ಬಟ್ಟೆ ಹಿಡಿದು ಬರುವ ಹೊತ್ತಿಗೆ ಎಂಜಿನ್ ಮುರಿದಾಗಿತ್ತು. ಯಾರೋ ಮುರಿದು, ಗುಟ್ಟಾಗಿ ಕಚ್ಚಿಸಿ, ಏನೂ ಆಗಿಲ್ಲವೆಂಬಂತೆ ಗೂಡಿನಲ್ಲಿಟ್ಟು, ಅದು ಅವಳ ಕೈಯಲ್ಲಿ ಬೀಳಲಿ ಎಂದು ಕಾದಿದ್ದರು. ಯಾರೋ ಏನು ಬಂತು! ಕಣ್ಣೊರೆಸಿದವನೇ.

ಉಳಿದ ಪದರವನ್ನು ಮುಟ್ಟದೆ, ಭಾಗಗಳನ್ನೆಲ್ಲ ಸ್ಟೀಲ್ ಡಬ್ಬಿಗೆ ಹಾಕಿಕೊಂಡು, ಉಟ್ಟ ಬಟ್ಟೆಯಲ್ಲೇ ಅಣ್ಣನ ಮನೆಗೆ ಹೊರಟಳು. ಬಾಗಿಲು ತೆರೆದವನ ಮುಂದೆ ಚಾಲಕನ ಕೋಣೆಯ ತುಂಡು ಹಿಡಿದಳು.

"ಇದೇನು ಹೇಳು."

ಅಣ್ಣ ಕನ್ನಡಕ ಏರಿಸಿ ನೋಡಿದ. ಮೊದಲು ಮುಖ ಬಿಳಿಚಿಕೊಂಡಿತು, ಆಮೇಲೆ ನಗಲು ನೋಡಿದ. "ಅಯ್ಯೋ, ಇನ್ನೂ ಅದನ್ನ ಹಿಡ್ಕೊಂಡಿದೀಯಾ? ಚೆಂಡು ಬಿತ್ತು ಕಣೇ. ಹುಡುಗುಬುದ್ಧಿ."

"ಹುಡುಗುಬುದ್ಧಿ ಅವತ್ತಿಗೆ ಮುಗೀತು. ಆಮೇಲೆ? ಪ್ರತಿ ಸಲ ನೆಂಟರ ಮುಂದೆ ಜಾರುಗೈ ಅಂತ ಕೂಗ್ತಿದ್ದೆಯಲ್ಲ, ಆಗ ನಾಲಿಗೆ ತಡವರಿಸಲಿಲ್ವಾ?"

"ಮೆತ್ತಗೆ ಮಾತಾಡು ಮಾರಾಯ್ತಿ, ಅಪ್ಪ ಎದ್ದಿದಾರೆ. ಈ ವಯಸ್ಸಲ್ಲಿ ಅವರು ತಡ್ಕೊಳಲ್ಲ."

"ತಡ್ಕೊಳಲಿ. ನಾನು ತಡ್ಕೊಂಡಿಲ್ವಾ?"

ಅಪ್ಪ ಒಳಗೆ ಕಿಟಕಿಯ ಪಕ್ಕ ಕೂತಿದ್ದರು. ಅವಳು ಮಂಡಿಯೂರಿ ಕೂತು ಆ ತುಂಡನ್ನು ಅವರ ಬೆರಳಿಗೆ ಕೊಟ್ಟಳು. ಒಳಗೆಲ್ಲೋ ಸಂತೋಷವೂ ಇತ್ತು. ಕೊನೆಗೂ ಅಪ್ಪನಿಗೆ ನಿಜ ಗೊತ್ತಾಗುತ್ತಿದೆಯಲ್ಲ!

"ಅಪ್ಪಾ, ಮುಟ್ಟಿ ನೋಡಿ. ನಿಮ್ಮ ಗೋಂದಿನ ಕೆಳಗೆ ಬೇರೆ ಗೋಂದಿದೆ. ಮುರಿದಿದ್ದು ನಾನಲ್ಲ."

ಅಪ್ಪನ ಹೆಬ್ಬೆರಳು ಆ ಪದರದ ಮೇಲೆ ಅತ್ತಿಂದಿತ್ತ ಹೋಯಿತು, ನಿಂತಿತು. ಯಾರು ಅಂತ ಕೂಡ ಕೇಳಲಿಲ್ಲ.

"ಗೀರು ಸಿಗ್ತಿದೆ" ಎಂದರು.

ಹೌದು, ಗೀರುಗಳಿದ್ದವು. ಗೋಂದು ಕಚ್ಚಿಕೊಳ್ಳಲೆಂದು ಅಪ್ಪ ಅಂಟಿಸುವ ಮೊದಲು ಸೂಜಿಯಿಂದ ಅಡ್ಡಕ್ಕೂ ಉದ್ದಕ್ಕೂ ಗೀರು ಹಾಕುತ್ತಿದ್ದರು. ಅದು ಅವಳಿಗೂ ಕಂಡಿತ್ತು, ಅಣ್ಣನ ಮೇಲಿನ ಸಿಟ್ಟಿನಲ್ಲಿ ತಲೆಗೆ ಹೋಗಿರಲಿಲ್ಲ. ಗೀರು ಲೋಹದ ಮೇಲಿರಲಿಲ್ಲ, ಆ ಕಳ್ಳಗೋಂದಿನ ಮೇಲೆಯೇ ಇತ್ತು.

"ಪೂರ್ತಿ ಕೆರೆಯೋಕೆ ಹೋದ್ರೆ ಲೋಹ ಹೋಗ್ತಿತ್ತು. ಅದಕ್ಕೇ ಅದರ ಮೇಲೇ ಗೀರಿ ಅಂಟಿಸಿದೆ" ಎಂದರು ಅಪ್ಪ. ಹೆಬ್ಬೆರಳನ್ನು ಗೀರಿನ ಮೇಲಿಂದ ತೆಗೆಯದೆ, "ಗೊತ್ತಿತ್ತು ಕಣಮ್ಮ" ಎಂದರು.

"ಅಪ್ಪಾ, ನಿಮಗೆ ಗೊತ್ತಿತ್ತಾ?" ಎಂದ ಬಾಗಿಲಲ್ಲಿ ನಿಂತಿದ್ದ ಅಣ್ಣ. ಅವನ ದನಿಯಲ್ಲಿ ನಾಚಿಕೆ ಇರಲಿಲ್ಲ, ಹೊರೆ ಇಳಿದವನ ನೆಮ್ಮದಿ ಇತ್ತು.

"ಅದರ ಹಿಂದಿನ ವರ್ಷ ಒಂದು ಏಟು ಕೊಟ್ಟಿದ್ದಕ್ಕೆ ಇವನು ಮನೆ ಬಿಟ್ಟು ಓಡಿಹೋಗಿದ್ದ. ನಿಮ್ಮಮ್ಮ ಅನ್ನ ನೀರು ಬಿಟ್ಟು ಕೂತಿದ್ದಳು. ಇನ್ನೊಂದು ಸಲ ಅಂಥದ್ದು ನೋಡೋಕೆ ಧೈರ್ಯ ಬರಲಿಲ್ಲ. ನೀನು ಗಟ್ಟಿ, ಅತ್ತು ಸುಮ್ಮನಾಗ್ತೀಯ ಅನ್ಕೊಂಡೆ."

"ಸರಿ, ತಪ್ಪು ನನ್ನ ತಲೆ ಮೇಲೆ ಇಟ್ರಿ. ನನ್ನನ್ನ ಮೇಜಿನಿಂದ ಯಾಕೆ ಓಡಿಸಿದ್ರಿ? ನಾನು ಏನೂ ಮಾಡಿಲ್ಲ ಅಂತ ಗೊತ್ತಿದ್ದೂ?"

ಅಪ್ಪ ತಲೆ ತಗ್ಗಿಸಿದರು. "ನೀನು ಪಕ್ಕದಲ್ಲೇ ಕೂತಿದ್ರೆ ನಿನ್ನ ಮುಖ ಹೇಗೆ ನೋಡೋದು?"

ಅಣ್ಣನ ಮೋಸ ಹುಡುಗನ ಮೋಸ, ಹೆದರಿಕೆಯದು. ಇದನ್ನು ಏನೆಂದು ಕರೆಯುವುದು?

"ಹೋಗಲಿ ಬಿಡು" ಎಂದು ಅಪ್ಪ ಗಾಳಿಯಲ್ಲಿ ಕೈ ಚಾಚಿ ಅವಳ ಭುಜ ಹುಡುಕಿದರು. "ಬಾ, ಇಲ್ಲೇ ಕೂತ್ಕೋ. ನಾನು ಹೇಳ್ತಾ ಹೋಗ್ತೀನಿ, ನೀನು ಜೋಡಿಸು. ಮೊದಲಿನ ಹಾಗೆ."

ಬದುಕೆಲ್ಲ ಕಾದಿದ್ದ ಮಾತು. ಅವಳು ಎದ್ದು ನಿಂತಳು.

"ನೆಂಟರೆಲ್ಲ ಸೇರಿದಾಗ ನೀವೇ ಹೇಳ್ತೀರಾ ಅಪ್ಪಾ? ಮುರಿದಿದ್ದು ಇವಳಲ್ಲ ಅಂತ? ಒಂದೇ ಒಂದು ಸಲ?"

ಅಣ್ಣ ನಿಂತಿದ್ದ ಕಡೆಗೆ ಅಪ್ಪ ಮುಖ ತಿರುಗಿಸಿದರು. "ಈಗ ಯಾಕಮ್ಮ ಅದೆಲ್ಲ? ಅವನಿಗೂ ವಯಸ್ಸಾಯ್ತು. ಮಕ್ಕಳ ಎದುರಿಗೆ ಅವನ ಮರ್ಯಾದೆ..."

"ಹಾಗಾದ್ರೆ ನಿಮ್ಮ ಮಗನ ಕೈಲೇ ಜೋಡಿಸ್ಕೊಳಿ."

ಡಬ್ಬಿಯನ್ನು ಅವರ ಮಡಿಲಲ್ಲಿಟ್ಟು ಹೊರಗೆ ಬಂದಳು. ಅತ್ತಿಗೆ ಅಡುಗೆಮನೆಯಿಂದ, "ಊಟ ಮಾಡ್ಕೊಂಡು ಹೋಗೇ" ಎಂದು ಕೂಗಿದ್ದು ಕೇಳಿಸಿತು. ಬಸ್‌ಸ್ಟಾಪಿನವರೆಗೆ ಸೆಟೆದುಕೊಂಡೇ ನಡೆದಳು. ಬೆಂಚಿನ ಮೇಲೆ ಕೂತವಳಿಗೆ ಇನ್ನು ತಡೆಯಲಾಗಲಿಲ್ಲ. ಜನ ನೋಡುತ್ತಿದ್ದಾರೆಂಬ ಪರಿವೆಯಿಲ್ಲದೆ ಗೊಳೋ ಎಂದು ಅತ್ತಳು. ತರಕಾರಿ ಚೀಲ ಹಿಡಿದಿದ್ದ ಹೆಂಗಸೊಬ್ಬಳು ಹತ್ತಿರ ಸರಿದು ಬೆನ್ನು ಸವರಿದಳು.

"ಯಾಕಮ್ಮಾ, ಮನೇಲಿ ಯಾರಾದ್ರೂ ತೀರ್ಕೊಂಡ್ರಾ?"

"ಇಲ್ಲಮ್ಮ" ಎಂದಳು ಅವಳು ಬಿಕ್ಕುತ್ತಲೇ. "ಎಲ್ಲರೂ ಚೆನ್ನಾಗೇ ಇದಾರೆ."